ಸೂತಕದ ಮನೆಯಲ್ಲಿ ತಾಳ ಹಾಕಿದ ಕಾಲು

ಅಪ್ಪ ಹೋಗಿ ಒಂಬತ್ತು ದಿನವಾಗಿತ್ತು. ನೆಂಟರೆಲ್ಲ ಮಲಗಿದ ಮೇಲೆ ನಾನೊಬ್ಬನೇ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಆ ಮಧ್ಯಾಹ್ನ ಅಪ್ಪನ ಟ್ರಂಕಿನಲ್ಲಿ ಹಳೆಯ ಕ್ಯಾಸೆಟ್ಟೊಂದು ಸಿಕ್ಕಿತ್ತು. ನಾಜಿಯಾ ಹಸನ್, ಜೊಹೇಬ್ ಹಸನ್ ಹಾಡಿದ 1981ರ ‘ಡಿಸ್ಕೋ ದೀವಾನೆ’. ಬೆಂಗಳೂರಿನಲ್ಲಿ ಹುಟ್ಟಿ, ಲಂಡನ್ನಿಗೆ ಹೋಗಿ ಹೆಸರು ಮಾಡಿದ ಬಿಡ್ಡು ಅದರ ನಿರ್ಮಾಪಕ. ದಾಸರ ಪದ ಬಿಟ್ಟು ಅಪ್ಪ ಬೇರೇನೂ ಕೇಳಿದ್ದನ್ನು ನಾನು ಕಂಡಿರಲಿಲ್ಲ. ಕ್ಯಾಸೆಟ್ ಹಾಕಲು ಮನೆಯಲ್ಲಿ ಟೇಪ್‌ರೆಕಾರ್ಡರ್ ಉಳಿದಿರಲಿಲ್ಲ. ಫೋನಿನಲ್ಲಿ ಹುಡುಕಿ ಇಯರ್‌ಫೋನ್ ಸಿಕ್ಕಿಸಿಕೊಂಡೆ. ಹಾಡು ಮುಗಿದಾಗ ಫೋನು ತಾನಾಗಿಯೇ ಇನ್ನೊಂದನ್ನು ಹಾಕಿತು: ಎವೆಲಿನ್ ‘ಶಾಂಪೇನ್’ ಕಿಂಗ್ ಹಾಡಿದ 1982ರ ‘ಲವ್ ಕಮ್ ಡೌನ್’.

ಸಿಂಥಸೈಜರಿನ ಬೇಸ್ ದಪ್ಪಗೆ, ದುಂಡಗೆ ಕಿವಿಗೆ ಬಿತ್ತು. ನಡುವೆ ಚಪ್ಪಾಳೆಯಂಥ ಪೆಟ್ಟು. ಒಂದೆರಡು ನಿಮಿಷದ ಮೇಲೆ ನೋಡಿಕೊಂಡರೆ ನನ್ನ ಬಲಗಾಲು ತಾಳ ಹಾಕುತ್ತಿದೆ! ಥಟ್ಟನೆ ನಿಲ್ಲಿಸಿದೆ. ಸೂತಕದ ಮನೆಯಲ್ಲಿ ಇದೆಂಥ ಕಾಲು ಎಂದು ನಾಚಿಕೆಯಾಯಿತು.

ಆ ನಾಚಿಕೆಯೇ ಮುಂದೆ ತಿಂಗಳುಗಟ್ಟಲೆ ಆ ಕಾಲದ ಹಾಡುಗಳ ಬೆನ್ನು ಹತ್ತುವಂತೆ ಮಾಡಿತು. ಆಗ ತಿಳಿದದ್ದು, ಅವುಗಳ ಹಿಂದೆಯೂ ಒಂದು ಸೂತಕವಿತ್ತು.

1979ರ ಜುಲೈ 12ರಂದು ಷಿಕಾಗೋದ ಕೊಮಿಸ್ಕಿ ಪಾರ್ಕ್ ಬೇಸ್‌ಬಾಲ್ ಮೈದಾನದಲ್ಲಿ, ಎರಡು ಆಟಗಳ ನಡುವಿನ ಬಿಡುವಿನಲ್ಲಿ, ಸ್ಟೀವ್ ಡಾಲ್ ಎಂಬ ರೇಡಿಯೋ ನಿರೂಪಕ ಪೆಟ್ಟಿಗೆ ತುಂಬ ಡಿಸ್ಕೋ ರೆಕಾರ್ಡುಗಳನ್ನು ಸಿಡಿಸಿದ. ಸಾವಿರಾರು ಜನ ಮೈದಾನಕ್ಕೆ ನುಗ್ಗಿದರು, ಎರಡನೆಯ ಆಟ ನಡೆಯಲೇ ಇಲ್ಲ. ಡಿಸ್ಕೋವನ್ನು ಬೆಳೆಸಿದವರಲ್ಲಿ ಕಪ್ಪು ಜನ, ಲ್ಯಾಟಿನೋಗಳು, ಸಲಿಂಗಿಗಳು ಮುಂದಿದ್ದರು. ಸುಟ್ಟದ್ದು ಬರೀ ಹಾಡುಗಳನ್ನಲ್ಲ ಎಂದು ಅವರಲ್ಲಿ ಹಲವರಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ.

ದೊಡ್ಡ ಕಂಪನಿಗಳು ಡಿಸ್ಕೋದಿಂದ ಹಿಂದೆ ಸರಿದವು. ನ್ಯೂಯಾರ್ಕಿನ ಪ್ರೆಲ್ಯೂಡ್, ವೆಸ್ಟ್ ಎಂಡ್‌ನಂಥ ಸಣ್ಣ ಕಂಪನಿಗಳು ಕುಣಿತದ ಹಾಡುಗಳನ್ನು ಬಿಡಲಿಲ್ಲ. ಸಾಲು ಸಾಲು ಪಿಟೀಲು, ಕಹಳೆಗಳಿದ್ದ ಜಾಗಕ್ಕೆ ಸಿಂಥಸೈಜರ್, ಡ್ರಮ್ ಮಷೀನು ಬಂದವು. 1981ರಲ್ಲಿ ‘ಯೂ ಆರ್ ದ ಒನ್ ಫಾರ್ ಮಿ’ ಮಾಡಿದ ಡಿ ಟ್ರೇನ್ ಎಂದರೆ ಮುಖ್ಯವಾಗಿ ಇಬ್ಬರೇ: ಹಾಡುವ ಜೇಮ್ಸ್ ವಿಲಿಯಮ್ಸ್, ಕೀಬೋರ್ಡಿನ ಹ್ಯೂಬರ್ಟ್ ಈವ್ಸ್. ವಾದ್ಯಗಳು ಕಡಿಮೆಯಾದಂತೆ ಹಾಡಿನೊಳಗೆ ಖಾಲಿ ಜಾಗ ಹೆಚ್ಚಿತು. ಆ ಖಾಲಿ ಜಾಗದಲ್ಲಿ ಕೇಳುವವನ ಮೈಗೆ ಅವಕಾಶ ಸಿಕ್ಕಿತು. ವೇಗವೂ ತಗ್ಗಿತು. ಡಿಸ್ಕೋದಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 120ರ ಆಸುಪಾಸು ಪೆಟ್ಟುಗಳಿದ್ದರೆ, ಇಲ್ಲಿ ಹಲವು ಹಾಡುಗಳು 110ರ ಹತ್ತಿರಕ್ಕೆ ಇಳಿದವು. ಅದು ಓಡಿಸುತ್ತಿತ್ತು, ಇದು ಕೈ ಹಿಡಿದು ನಡೆಸುತ್ತದೆ.

ಪೆಟ್ಟು ಖುಷಿಯದಾದರೂ ಸ್ವರಗಳ ಹೆಣಿಗೆಯಲ್ಲಿ ಜಾಜ್‌ನಿಂದ ಬಂದ ಒಂದು ಅಳುಕಿದೆ. ಜಾಜ್‌ನಲ್ಲಿ ಪಳಗಿದ ಪ್ಯಾಟ್ರೀಸ್ ರಷೆನ್ ಅವರ 1982ರ ‘ಫರ್ಗೆಟ್ ಮಿ ನಾಟ್ಸ್’ ಕೇಳಿ. ಅದು ಕೈತಪ್ಪಿಹೋದ ಪ್ರೀತಿಯನ್ನು ನೆನೆಯುವ ಹಾಡು. ಆದರೂ ಅದರ ಬೇಸ್‌ಗೆ ಸುಮ್ಮನೆ ಕೂತಿರುವುದು ಕಷ್ಟ. ಅಲ್ಲಿ ನೆನಪೂ ಕುಣಿತವೂ ಒಂದಕ್ಕೊಂದು ಜಾಗ ಬಿಟ್ಟುಕೊಟ್ಟಿವೆ.

ಈ ಹಾಡುಗಳಿಗೆ ಒಂದು ಮನೆಯಿದ್ದರೆ ಅದು ನ್ಯೂಯಾರ್ಕಿನ ಕಿಂಗ್ ಸ್ಟ್ರೀಟಿನ ಪ್ಯಾರಡೈಸ್ ಗ್ಯಾರೇಜ್. ಅಲ್ಲಿ ಮದ್ಯ ಮಾರುತ್ತಿರಲಿಲ್ಲ. ಲ್ಯಾರಿ ಲೆವನ್ ಹಾಡು ಹಾಕುತ್ತಿದ್ದ, ಜನ ಬೆಳಗಿನವರೆಗೆ ಕುಣಿಯುತ್ತಿದ್ದರು. ಮುಂದೆ ಏಡ್ಸ್ ಎಂಬ ಹೆಸರು ಪಡೆದ ಕಾಯಿಲೆಯ ಮೊದಲ ವರದಿ ಅಮೆರಿಕದಲ್ಲಿ ಬಂದದ್ದು 1981ರ ಜೂನ್‌ನಲ್ಲಿ. 1987ರಲ್ಲಿ ಗ್ಯಾರೇಜ್ ಮುಚ್ಚುವಷ್ಟರಲ್ಲಿ ಅಲ್ಲಿ ಕುಣಿದವರಲ್ಲಿ ಎಷ್ಟೋ ಮಂದಿ ಇರಲಿಲ್ಲ. ಗೆಳೆಯನನ್ನು ಮಣ್ಣು ಮಾಡಿ, ಅದೇ ವಾರ ಬಂದು ಕುಣಿದವರೂ ಅಲ್ಲಿದ್ದಿರಬೇಕು. ಅವರು ಸಾವನ್ನು ಮರೆತು ಕುಣಿದರು ಎಂದು ನನಗನ್ನಿಸುವುದಿಲ್ಲ.

ಎವೆಲಿನ್ ಕಿಂಗ್ ಬೆಳಕಿಗೆ ಬಂದ ಕತೆಯೂ ಗೊತ್ತಾಯಿತು. ಹದಿಹರೆಯದಲ್ಲಿ ಫಿಲಡೆಲ್ಫಿಯಾದ ಸಿಗ್ಮಾ ಸೌಂಡ್ ಸ್ಟುಡಿಯೋದಲ್ಲಿ ನೆಲ ಸ್ವಚ್ಛ ಮಾಡುತ್ತ ಹಾಡಿಕೊಳ್ಳುತ್ತಿದ್ದಾಗ ನಿರ್ಮಾಪಕರೊಬ್ಬರ ಕಿವಿಗೆ ಬಿದ್ದ ದನಿ ಅದು. ಕೈಗೆ ಕೆಲಸವಿರುವಾಗಲೇ ಹುಟ್ಟಿದ ಹಾಡುಗಾರಿಕೆ ಪಾತ್ರೆ ತೊಳೆಯುವವನ ಕಾಲಿಗೆ ತಾಗಿದ್ದರಲ್ಲಿ ಏನು ತಪ್ಪು?

ಆದರೆ ಆ ರಾತ್ರಿ ಇದೇನೂ ನನಗೆ ಗೊತ್ತಿರಲಿಲ್ಲ. ಕಾಲು ನಿಲ್ಲಿಸಿ ತಿರುಗಿದರೆ ಬಾಗಿಲಲ್ಲಿ ಅಮ್ಮ. ನೀರಿಗೆಂದು ಎದ್ದು ಬಂದಿದ್ದಳು.

“ಏನು ಕೇಳ್ತಿದೀಯೋ?”

ತಡವರಿಸುತ್ತ ಕ್ಯಾಸೆಟ್ಟಿನ ವಿಷಯ ಹೇಳಿದೆ.

“ಅದು ನಂದು ಕಣೋ,” ಅಂದಳು. “ಮೊದಮೊದಲು ನಿಮ್ಮಪ್ಪ ಬೈತಿದ್ರು. ಆಮೇಲೆ ನಾನಿಲ್ಲದಾಗ ತಾವೇ ಹಾಕ್ಕೊಂಡು ಕೇಳ್ತಿದ್ರು.”

ಒಂದು ಇಯರ್‌ಫೋನ್ ಅವಳ ಕಿವಿಗಿಟ್ಟು ‘ಡಿಸ್ಕೋ ದೀವಾನೆ’ಯನ್ನು ಮತ್ತೆ ಹಾಕಿದೆ. ಅಮ್ಮ ಸಿಂಕಿಗೆ ಒರಗಿ ನಿಂತಳು. ಸ್ವಲ್ಪ ಹೊತ್ತಾದ ಮೇಲೆ, “ಸೌಂಡು ಇನ್ನೊಂಚೂರು ಜಾಸ್ತಿ ಮಾಡು,” ಅಂದಳು.