ಮಗ್ಗದ ಕೋಣೆಯಲ್ಲಿ 137

ಬನಹಟ್ಟಿಯ ನಮ್ಮ ಮನೆಯ ಮಗ್ಗದ ಕೋಣೆಯಲ್ಲಿ ಈಗ ಹಳೆಯ ಲ್ಯಾಪ್‌ಟಾಪೊಂದು ಮುಚ್ಚಳ ಹಾಕಿಕೊಂಡು ದುಡಿಯುತ್ತದೆ. 4 ಜಿಬಿ ರ‍್ಯಾಮ್, ಲಿನಕ್ಸ್, ಅದರ ಮೇಲೆ ಪ್ರತಿ ಪ್ರೋಗ್ರಾಮಿಗೂ ಕಂಟೇನರ್ ಎಂಬ ಬೇರೆ ಕೋಣೆ ಕೊಡುವ ಡಾಕರ್. ಒಂದು ಕಂಟೇನರಿನಲ್ಲಿ ಮನೆಯವರ ಫೋಟೊ, ಇನ್ನೊಂದರಲ್ಲಿ ಅಪ್ಪ ಟೇಪಿನಲ್ಲಿ ಹಿಡಿದಿಟ್ಟಿದ್ದ ಶ್ರೀಕೃಷ್ಣ ಪಾರಿಜಾತ. ಮಗ್ಗದ ಕುಣಿ ಮುಚ್ಚಿ ಫರಸಿ ಹಾಸಿದ ನೆಲ ತಂಪು. ನಮ್ಮ ಬೇಸಿಗೆಗೆ ಯಂತ್ರವೂ ನೆರಳು ಹುಡುಕುತ್ತದೆ.

ಮದುವೆ, ಜಾತ್ರೆಗಳ ಹಳೆಯ ಫೋಟೊಗಳನ್ನೆಲ್ಲ ಸ್ಕ್ಯಾನ್ ಮಾಡಿ ಸುರಿದದ್ದೇ ತಕರಾರಿನ ಮೂಲ. ಬೀಳಗಿ ತಾಲೂಕಿನ ಅತ್ತೆಯ ಊರು ಆಲಮಟ್ಟಿ ಹಿನ್ನೀರಿನಡಿ ಸೇರಿದೆ. ಆ ಮನೆಯ ಹೊಸ್ತಿಲು ಉಳಿದಿರುವುದು ಈ ಫೋಟೊಗಳಲ್ಲೇ. ಯಂತ್ರ ಒಬ್ಬೊಬ್ಬರ ಮುಖ ಗುರುತಿಸುತ್ತ ಕೂತಿತು. ರಾತ್ರಿ ಹಾಡುತ್ತಿದ್ದ ಪಾರಿಜಾತದ ಸತ್ಯಭಾಮೆ ತೊದಲತೊಡಗಿದಳು.

"ಯಾಕೋ ತಮ್ಮಾ, ಸತ್ಯಭಾಮಾಗ ಏನಾತು?" ಎಂದಳು ಅವ್ವ.

"ಕಂಟೇನರ್ ಸತ್ತೈತಬೇ."

"ಯಾರು?"

ಲಾಗ್‌ನಲ್ಲಿ 137 ಎಂದಿತ್ತು. ಸಂಕೇತವೊಂದು ಕೊಂದಿದ್ದರೆ ಅದರ ಸಂಖ್ಯೆಯನ್ನು 128ಕ್ಕೆ ಕೂಡಿಸಿ ಬರೆದಿರುತ್ತದೆ; 128ಕ್ಕೆ 9 ಕೂಡಿಸಿದರೆ 137. ಒಂಬತ್ತು ಎಂದರೆ ಕೊನೆಯ ಮಾತಿಗೂ ಅವಕಾಶವಿಲ್ಲದ ಸಿಗ್‌ಕಿಲ್. ಲಿನಕ್ಸ್ ಬಲು ಧಾರಾಳಿ, ತನ್ನಲ್ಲಿರುವುದಕ್ಕಿಂತ ಹೆಚ್ಚು ಮೆಮೊರಿ ಕೊಡುತ್ತೇನೆಂದು ಎಲ್ಲರಿಗೂ ಮಾತು ಕೊಟ್ಟಿರುತ್ತದೆ. ಎಲ್ಲರೂ ಒಟ್ಟಿಗೆ ಕೇಳಲು ಬಂದರೆ ಊಮ್ ಕಿಲ್ಲರ್ ಎಂಬುದು ಎದ್ದು, ಹೆಚ್ಚು ಜಾಗ ಹಿಡಿದವನನ್ನು ನೋಡಿ ಮುಗಿಸುತ್ತದೆ. ಸತ್ತ ಫೋಟೊ ಕಂಟೇನರನ್ನು ಡಾಕರ್ ಮತ್ತೆ ಎಬ್ಬಿಸುತ್ತಿತ್ತು, ಅದು ಮೊದಲ ಫೋಟೊದಿಂದ ಮತ್ತೆ ಶುರು ಮಾಡುತ್ತಿತ್ತು.

ನಾವಾಗಿ ಮಿತಿ ಹೇಳದಿದ್ದರೆ ಪ್ರತಿ ಕಂಟೇನರಿಗೂ ಇಡೀ ಮನೆ ತನ್ನದೇ. ಹಾಗಾಗದಿರಲೆಂದು 2006ರಲ್ಲಿ ಗೂಗಲ್‌ನ ಪಾಲ್ ಮೆನೇಜ್, ರೋಹಿತ್ ಸೇಠ್ ಶುರುಮಾಡಿದ, ಮಿತಿ ಹಾಕುವ ಸಿಗ್ರೂಪ್ 2008ರ ಜನವರಿಯಲ್ಲಿ ಲಿನಕ್ಸ್ ಕರ್ನೆಲ್ ಸೇರಿತು. ಅದನ್ನು ನಂಬಿ ಫೋಟೊ ಕಂಟೇನರಿಗೆ 1 ಜಿಬಿ ಮಿತಿ ಎಂದು ಬರೆದೆ. ಅವ್ವನಿಗೆ ಸೇರಲಿಲ್ಲ. "ಉಣ್ಣಾಕ ಕುಂತವರಿಗೆ ರೊಟ್ಟಿ ಎಣಿಸಿ ಹಾಕ್ತಾರೇನು?" ಹಸಿವು ತಾಳದೆ ಅದು ಮತ್ತೂ ಬೇಗ ಸತ್ತಿತು, ಆದರೆ ಈ ಸಲ ತನ್ನ ಕೋಣೆಯಲ್ಲೇ; ಸತ್ಯಭಾಮೆಗೆ ತೊಂದರೆಯಾಗಲಿಲ್ಲ. ಮಿತಿಯನ್ನು ಒಂದೂವರೆಗೆ ಏರಿಸಿ, ಒಮ್ಮೆಗೆ ಒಂದೇ ಫೋಟೊ ನೋಡುವಂತೆ ಮಾಡಿದ ಮೇಲೆ ಕೆಲಸ ಸಾಗಿತು.

ಮುಧೋಳದ ಯಾರದೋ ಮದುವೆಯ ಹಿಂದಿನ ಸಾಲಿನಲ್ಲಿ ನಿಂತಿದ್ದ ಅಜ್ಜನನ್ನು ಅದು ಪತ್ತೆಹಚ್ಚಿತು. ಅಪ್ಪನನ್ನೂ ಕಾಕಾನನ್ನೂ ಒಬ್ಬನೇ ಮನುಷ್ಯನೆಂದು ಒಂದೇ ಗುಂಪಿಗೆ ಹಾಕಿತು. ಪಾವರ್‌ಲೂಮ್ ಪಾಲಾದಾಗಿನಿಂದ ಇಬ್ಬರೂ ಮಾತು ಬಿಟ್ಟಿದ್ದರು; ಈಗ ಇಬ್ಬರೂ ಇಲ್ಲ. ಬೇರೆ ಮಾಡಲು ಹೊರಟೆ.

"ಇರ್ಲಿ ಬಿಡೋ, ಮತ್ಯಾಕ ಪಾಲ ಮಾಡ್ತಿ?" ಎಂದಳು ಅವ್ವ.

ಬಿಟ್ಟೆ. ಬೀಳಗಿಯಲ್ಲಿರುವ ಕಾಕಾನ ಮಗನಿಗೆ ಲಿಂಕ್ ಕಳಿಸಿದೆ. "ಅಣ್ಣಾ, ತಗೀವಲ್ದಲ್ಲೋ ಇದು" ಎಂದು ಫೋನು ಬಂತು. ಬನಹಟ್ಟಿಯಲ್ಲಿ ಕರೆಂಟು ಹೋಗಿತ್ತು. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ರೌಟರಿಗಿಲ್ಲ.