ಕುಕ್ಕುವಾಡದ ಜಾದೂಗೆ ಯಾವ ಬಟ್ಟೆ?

ದಾವಣಗೆರೆ ತಾಲ್ಲೂಕಿನ ಕುಕ್ಕುವಾಡ ಅಂದ್ರೆ ಸುತ್ತಮುತ್ತಲಿನವರಿಗೆ ಮೊದಲು ನೆನಪಾಗೋದು ಸಕ್ಕರೆ ಕಾರ್ಖಾನೆ. ಕಬ್ಬು ಅರೆಯೋ ಕಾಲದಲ್ಲಿ ಹೋದ್ರೆ ರಸ್ತೆ ತುಂಬಾ ಕಬ್ಬಿನ ಟ್ರ್ಯಾಕ್ಟರ್‌ಗಳು, ಗಾಳಿಯಲ್ಲಿ ಬೆಲ್ಲದ ಪಾಕ ಹುಳಿ ಬಂದಂಥ ವಾಸನೆ. ಭದ್ರಾ ಕಾಲುವೆಯ ನೀರು ಕಂಡ ಸೀಮೆ ಇದು. ಪ್ರವಾಸಿ ತಾಣಗಳ ಪಟ್ಟಿಯಲ್ಲಿ ಈ ಊರಿನ ಹೆಸರು ನಿಮಗೆ ಸಿಗಲ್ಲ. ನಾನು ಮಾತ್ರ ಎರಡು ತಿಂಗಳಲ್ಲಿ ನಾಲ್ಕು ಸಲ ಬೆಂಗಳೂರಿಂದ ಇಲ್ಲಿಗೆ ಬಂದೆ. ಕಾರಣ ಒಂದು ಕರವಸ್ತ್ರ.

ನಮ್ಮ ಅಕ್ಕನ ಮಗಳು ಇಲ್ಲೇ ಎಂಟನೇ ಕ್ಲಾಸು. ಶಾಲೆ ವಾರ್ಷಿಕೋತ್ಸವದಲ್ಲಿ ಜಾದೂ ಮಾಡ್ತೀನಿ ಅಂತ ಹೆಸರು ಕೊಟ್ಟುಬಿಟ್ಟಿದ್ದಳು. ಮುಷ್ಟಿಯೊಳಗೆ ಬಟ್ಟೆ ತುರುಕಿ ಮಾಯ ಮಾಡೋದು, ಮೂರು ಬಣ್ಣದ ಬಟ್ಟೆಗಳನ್ನ ಗಂಟು ಹಾಕಿ ಊದಿ ಬಿಚ್ಚೋದು. ಕಾಲೇಜು ದಿನಗಳಿಂದ ನನಗೆ ಈ ಹುಚ್ಚು ಇದ್ದಿದ್ದರಿಂದ ಕಲಿಸೋ ಕೆಲಸ ನನ್ನ ತಲೆಗೆ ಬಂತು. ಅವಳ ಮೊದಲನೇ ಪ್ರಶ್ನೆಯೇ, "ಮಾಮ, ರೇಷ್ಮೆದೇ ಬೇಕಾ?"

ನಾಲ್ಕು ಗ್ರಾಂ ಲೆಕ್ಕ

ಜಾದೂಗಾರರು ರೇಷ್ಮೆ ಹಿಡಿಯೋದು ಬರೀ ಶೋಕಿಗಲ್ಲ. ಅವರು ಬಳಸೋದು ಹೆಚ್ಚಾಗಿ ಹಬೊಟಾಯ್ ಅನ್ನೋ ಜಪಾನಿ ಹೆಸರಿನ, ಸಾದಾ ನೇಯ್ಗೆಯ ತೆಳ್ಳನೆ ರೇಷ್ಮೆ. ಅದರ ತೂಕದ ಅಳತೆ 'ಮೊಮ್ಮೆ'. ಒಂದು ಮೊಮ್ಮೆ ಅಂದ್ರೆ ಚದರ ಮೀಟರಿಗೆ ಸುಮಾರು 4.34 ಗ್ರಾಂ. 5 ಮೊಮ್ಮೆ ಬಟ್ಟೆಯಲ್ಲಿ 45 ಸೆಂ.ಮೀ. ಚೌಕದ ಕರವಸ್ತ್ರ ಮಾಡಿದ್ರೆ ತೂಕ ನಾಲ್ಕೂವರೆ ಗ್ರಾಂ ಕೂಡ ಆಗಲ್ಲ. ಅದೇ ಅಳತೆಯ ಹತ್ತಿ ಶರ್ಟ್ ಬಟ್ಟೆ ಸುಲಭವಾಗಿ 20 ಗ್ರಾಂ ದಾಟುತ್ತೆ. ಎಂಟನೇ ಕ್ಲಾಸಿನ ಹುಡುಗಿಯ ಮುಷ್ಟಿ ಎಷ್ಟು ದೊಡ್ಡದು ಅಂತ ಯೋಚಿಸಿದ್ರೆ ಈ ವ್ಯತ್ಯಾಸ ಅರ್ಥ ಆಗುತ್ತೆ.

ತೂಕ ಅರ್ಧ ಕಥೆ ಅಷ್ಟೆ. ರೇಷ್ಮೆ ಒತ್ತಿದರೆ ಕುಗ್ಗುತ್ತೆ, ಬಿಟ್ಟರೆ ಹೂವಿನ ಹಾಗೆ ಅರಳುತ್ತೆ. ಹತ್ತಿ ಮುದುಡಿದ್ದು ಮುದುಡಿದ ಹಾಗೇ ಇರುತ್ತೆ. ಪಾಲಿಯೆಸ್ಟರ್ ಅರಳುತ್ತೆ ನಿಜ, ಆದ್ರೆ ಒಣ ಹವೆಯಲ್ಲಿ ವಿದ್ಯುತ್ ಹಿಡಿದು ಬೆರಳಿಗೇ ಅಂಟಿಕೊಳ್ಳುತ್ತೆ. ಬೇಡದ ಕಡೆ ಗಂಟು ಜಾರುತ್ತೆ.

ದಾವಣಗೆರೆಯಲ್ಲಿ ಹುಡುಕಾಟ

ಒಂದು ಶನಿವಾರ ಅವಳನ್ನ ಕರ್ಕೊಂಡು ದಾವಣಗೆರೆಗೆ ಹೋದೆ. ಹತ್ತಿ ಗಿರಣಿಗಳಿಂದಾಗಿ ಒಂದು ಕಾಲಕ್ಕೆ 'ಕರ್ನಾಟಕದ ಮ್ಯಾಂಚೆಸ್ಟರ್' ಅನ್ನಿಸಿಕೊಂಡ ಊರು. ಗಿರಣಿಗಳ ಸದ್ದು ಅಡಗಿದೆ. ಹಾಗಂತ ಬಟ್ಟೆ ಅಂಗಡಿಗಳಿಗೇನೂ ಕಮ್ಮಿ ಇಲ್ಲ. ಬೆಣ್ಣೆ ದೋಸೆ ತಿಂದು, ಕೈಯ ಜಿಡ್ಡು ಹೋಗೋವರೆಗೂ ಸೋಪು ಹಚ್ಚಿ ತೊಳೆದು (ರೇಷ್ಮೆ ಮುಟ್ಟೋರಿಗೆ ಇದು ಕಡ್ಡಾಯ), ಪೇಟೆ ಬೀದಿಗೆ ಇಳಿದ್ವಿ.

ಮೂರನೇ ಅಂಗಡಿಯವರು ಥಾನು ಬಿಚ್ಚಿ ಹರವಿದರು. "ಆರ್ಟ್ ಸಿಲ್ಕ್ ಐತ್ರಿ ಸರ, ಪ್ಯೂರ್ ಬೇಕಾದ್ರೆ ಸೀರೆನೇ ನೋಡ್ಬೇಕು." ಇಲ್ಲಿ ಸ್ವಲ್ಪ ಹುಷಾರು. 'ಆರ್ಟ್ ಸಿಲ್ಕ್'ನಲ್ಲಿರೋ ಆರ್ಟ್ ಕಲೆ ಅಲ್ಲ, 'ಆರ್ಟಿಫಿಶಿಯಲ್' ಅನ್ನೋದರ ಬಾಲ ಕತ್ತರಿಸಿದ ರೂಪ. ಇನ್ನು ನಮ್ಮ ಮೈಸೂರು ರೇಷ್ಮೆ? 1912ರಿಂದ ನೇಯುತ್ತಾ ಬಂದಿರೋ ಹೆಮ್ಮೆಯ ಬಟ್ಟೆ. ಆದ್ರೆ ಅದು ನೂಲು ಬಿಗಿಯಾಗಿ ತಿರುಚಿ ನೇಯ್ದ ಕ್ರೇಪ್. ಸೀರೆಯಾಗಿ ಮೈಮೇಲೆ ಇಳಿಬೀಳೋಕೆ ಬೇಕಾದ ಭಾರವೇ ಮುಷ್ಟಿಯೊಳಗೆ ತೊಂದರೆ.

ಅಸಲಿ ಯಾವುದು ಅಂತ ತಿಳಿಯೋಕೆ ಅಂಚಿನ ಎರಡೆಳೆ ನೂಲು ಸಾಕು. ಚಿಮಟದಲ್ಲಿ ಹಿಡಿದು ದೊಡ್ಡವರೇ ಸುಟ್ಟು ನೋಡಬೇಕು. ರೇಷ್ಮೆ ಪ್ರೋಟೀನ್, ಹಾಗಾಗಿ ಸುಟ್ಟ ಕೂದಲಿನ ವಾಸನೆ, ಬೆರಳಲ್ಲಿ ಪುಡಿಯಾಗೋ ಕಪ್ಪು ಬೂದಿ. ರೇಯಾನ್ ಕಾಗದದ ಹಾಗೆ ಉರಿದು ಮೆತ್ತನೆ ಬೂದಿ ಬಿಡುತ್ತೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತೆ. ಇದೆಲ್ಲ ಬೇಡ ಅಂದ್ರೆ ಕೇಂದ್ರ ರೇಷ್ಮೆ ಮಂಡಳಿಯ 'ಸಿಲ್ಕ್ ಮಾರ್ಕ್' ಚೀಟಿ ನೋಡಿ.

ಹರಿಹರ: ಮರದಿಂದ ನಾರು

ಅಲ್ಲಿಂದ ಸುಮಾರು 14 ಕಿ.ಮೀ. ದೂರದ ಹರಿಹರಕ್ಕೆ ಹೋಗದೆ ಈ ಕಥೆ ಪೂರ್ತಿ ಆಗಲ್ಲ. ಹೊಯ್ಸಳ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಹರಿಹರೇಶ್ವರ ದೇವಸ್ಥಾನ ಇಲ್ಲಿದೆ. ಅರ್ಧ ಹರಿ, ಅರ್ಧ ಹರ, ಮೂರ್ತಿ ಒಂದೇ. ತುಂಗಭದ್ರೆಯ ಆಚೆ ದಡ ಹಾವೇರಿ ಜಿಲ್ಲೆ. ಅಲ್ಲಿನ ಕುಮಾರಪಟ್ಟಣಂನಲ್ಲಿ ಮರದ ತಿರುಳಿಂದ ವಿಸ್ಕೋಸ್ ನಾರು ತೆಗೆಯೋ ಗ್ರಾಸಿಂ ಕಾರ್ಖಾನೆ ಇದೆ.

ನಕಲಿ ರೇಷ್ಮೆಯ ಇತಿಹಾಸ ಇದೇ ಜಾತಿಯ ನಾರಿನದು. ಫ್ರಾನ್ಸಿನ ಶಾರ್ದೋನೆ ತನ್ನ ಕೃತಕ ರೇಷ್ಮೆಯನ್ನು 1889ರ ಪ್ಯಾರಿಸ್ ಪ್ರದರ್ಶನದಲ್ಲಿ ತೋರಿಸಿದ. 1892ರಲ್ಲಿ ಇಂಗ್ಲೆಂಡಿನಲ್ಲಿ ವಿಸ್ಕೋಸ್ ವಿಧಾನ ಬಂತು. ಮರದ ತಿರುಳನ್ನು ರಾಸಾಯನಿಕದಲ್ಲಿ ಕರಗಿಸಿ, ಸಣ್ಣ ತೂತುಗಳಿಂದ ಒತ್ತಿ ಎಳೆ ತೆಗೆಯೋದು. ಒಂಥರಾ ಶಾವಿಗೆ ಒತ್ತಿದ ಹಾಗೆ. ಹುಳು ಮಾಡೋದನ್ನೇ ಯಂತ್ರ ಮಾಡುತ್ತೆ. ಕುಮಾರಪಟ್ಟಣಂನಲ್ಲಿ ಆಗೋದು ತುಂಡು ನಾರು, ಹತ್ತಿಯ ಹಾಗೆ ನೂಲಬೇಕು. ರೇಷ್ಮೆಯಂತೆ ಮಿರುಗೋ ಬಟ್ಟೆಗೆ ಬೇಕಾಗಿದ್ದು ಉದ್ದನೆ ಎಳೆ. ಮುಟ್ಟೋಕೆ ರೇಯಾನ್ ತಂಪು, ಮೆದು. ಮುದುಡಿದ್ರೆ ಮಾತ್ರ ಗೆರೆ ಬಿಡಲ್ಲ.

ತೀರ್ಮಾನ ಮಾಡಿದ್ದು ಅವಳೇ

ಬೆಂಗಳೂರಿಂದ ತಂದಿದ್ದ ಒಂದು ಅಸಲಿ ರೇಷ್ಮೆ ಕರವಸ್ತ್ರವನ್ನ ಅವಳ ಕೈಗೆ ಕೊಟ್ಟೆ. ಆಟ ಎರಡೇ ದಿನಕ್ಕೆ ಚೆಂದ ಬಂತು. ಆದ್ರೆ ಮೂರನೇ ದಿನದಿಂದ ಅಭ್ಯಾಸವೇ ನಿಂತುಹೋಯ್ತು. ಕೇಳಿದ್ರೆ, "ಹರಿದ್ರೆ ಅಮ್ಮ ಬೈತಾಳೆ ಮಾಮ, ಅಷ್ಟು ದುಡ್ಡಿಂದು." ಬಟ್ಟೆ ಕಬ್ಬಿಣದ ಪೆಟ್ಟಿಗೆಯಲ್ಲಿ, ಸೀರೆಗಳ ಮಧ್ಯೆ ಭದ್ರವಾಗಿತ್ತು.

ನೂರು ಸಲ ಬೀಳಿಸದೆ ಕೈಚಳಕ ಬರಲ್ಲ. ಬೀಳಿಸೋಕೆ ಹೆದರಿಕೆ ಆಗೋ ಬಟ್ಟೆ ಎಷ್ಟೇ ಒಳ್ಳೇದಾದ್ರೂ ಕಲಿಯೋರಿಗೆ ಪ್ರಯೋಜನ ಇಲ್ಲ. ಅಕ್ಕನ ಹಳೇ ಶಿಫಾನ್ ದುಪಟ್ಟಾ ಕತ್ತರಿಸಿ, ಅಂಚು ಸಣ್ಣಗೆ ಹೊಲಿಸಿ, ಆರು ಚೌಕ ಮಾಡಿದ್ವಿ. ಪಾಲಿಯೆಸ್ಟರ್‌ದೇ, ಆದ್ರೆ ಹಗುರ. ಕೈ ಸ್ವಲ್ಪ ಒದ್ದೆ ಮಾಡಿಕೊಂಡ್ರೆ ಅಂಟೋದೂ ಕಮ್ಮಿ. ಅವತ್ತಿಂದ ಹಿತ್ತಲು, ಜಗಲಿ, ಶಾಲೆ ದಾರಿ, ಎಲ್ಲ ಕಡೆ ಅಭ್ಯಾಸ. ಅವಳ ಗೆಳತಿಯರು ನಾಲ್ಕು ಜನ ತಮ್ಮ ತಮ್ಮ ಮನೆಯ ದುಪಟ್ಟಾ ಹುಡುಕಿಕೊಂಡು ಬಂದ್ರು. ರೇಷ್ಮೆಯೇ ಬೇಕು ಅಂದಿದ್ರೆ ಆ ನಾಲ್ಕು ಜನ ನೋಡ್ತಾ ಕೂತಿರ್ತಿದ್ರು ಅಷ್ಟೆ.

ಕೊನೆಗೆ ಒಂದು ಒಪ್ಪಂದ ಆಯ್ತು. ಗಂಟಿನ ಆಟಕ್ಕೆ ದುಪಟ್ಟಾ ಚೌಕಗಳು. ಹತ್ತು ಸಾಲು ಹಿಂದೆ ಕೂತವರಿಗೆ ಬಣ್ಣ ಕಾಣುತ್ತೆ, ಎಳೆ ಕಾಣಲ್ಲ. ಮುಷ್ಟಿಯಲ್ಲಿ ಮಾಯ ಆಗೋ ಆ ಒಂದಕ್ಕೆ ಮಾತ್ರ ರೇಷ್ಮೆ, ಅದೂ ವೇದಿಕೆಯ ದಿನಕ್ಕೆ. ರೇಷ್ಮೆ ಬೇಕಿರೋದು ನೋಡೋರ ಕಣ್ಣಿಗಲ್ಲ, ಮಾಡೋರ ಕೈಗೆ.

ನೀವೂ ಮನೆಯ ಮಕ್ಕಳಿಗೆ ಕಲಿಸೋದಾದ್ರೆ ಇದೇ ಕ್ರಮ ಹಿಡಿಯಿರಿ. ಮೊದಲು ಹಳೇ ದುಪಟ್ಟಾ, ಕೈ ಕುದುರಿದ ಮೇಲೆ ಒಂದೇ ಒಂದು ರೇಷ್ಮೆ. ಅಂಗಡಿಯಲ್ಲಿ ಬಟ್ಟೆಯನ್ನ ಮುಷ್ಟಿಯಲ್ಲಿ ಹತ್ತೆಣಿಸೋವರೆಗೂ ಹಿಡಿದು ಬಿಡಿ. ಅದು ಅರಳೋ ರೀತಿ ನೋಡಿದ್ರೆ ಅರ್ಧ ಉತ್ತರ ಸಿಕ್ಕಂತೆ.

ವೇದಿಕೆಯ ಮಾತು ಬರೆಯುವಾಗ ಅವಳು ಕೇಳಿದ ಪ್ರಶ್ನೆ ಮಾತ್ರ ನನ್ನ ಜೊತೆ ಬೆಂಗಳೂರಿಗೆ ಬಂತು. "ನೋಡಿ, ಮೂರು ರೇಷ್ಮೆ ವಸ್ತ್ರಗಳು" ಅಂತ ನಾನು ಬರೆದಿದ್ದ ಸಾಲನ್ನ ಹೊಡೆದು ಹಾಕಿ, 'ಬಟ್ಟೆಗಳು' ಅಂತ ತಿದ್ದಿದ್ದಳು.

"ಯಾಕೆ?" ಅಂದೆ.

"ಆಟದಾಗೆ ಒಂದು ಸುಳ್ಳು ಐತಲ್ಲ ಮಾಮ, ಅಷ್ಟು ಸಾಲದಾ?"