ಹೊಲದ ನಡುವಣ ಇಗರ್ಜಿಯ ನೆಲಮಾಳಿಗೆ

ಲಂಡನ್ನಿಗೆ ಹೋದವರು ಟ್ರಫಾಲ್ಗರ್ ಚೌಕವನ್ನು ನೋಡದೆ ಹಿಂದಿರುಗುವುದು ಅಪೂರ್ವ. ಮುಗಿಲಿಗೆ ಮುಖಮಾಡಿದ ಕಂಬದ ಮೇಲೆ ನೆಲ್ಸನ್ ಸೇನಾನಿ, ಅವನ ಪದತಲದಲ್ಲಿ ನಾಲ್ಕು ಕಂಚಿನ ಸಿಂಹಗಳು, ಎರಡು ಕಾರಂಜಿಗಳು. ಚೌಕದ ಈಶಾನ್ಯ ಮೂಲೆಯಲ್ಲಿ, ಆರು ಕಂಬಗಳ ಮುಖಮಂಟಪವನ್ನೂ ಅದರ ಮೇಲೆ ನೀಳವಾದ ಶಿಖರವನ್ನೂ ಹೊತ್ತ ಬೆಳ್ಗಲ್ಲಿನ ಇಗರ್ಜಿಯೊಂದು ನಿಂತಿದೆ. ಅದರ ಹೆಸರು ಸೇಂಟ್ ಮಾರ್ಟಿನ್ ಇನ್ ದ ಫೀಲ್ಡ್ಸ್. ಎಂದರೆ, ಹೊಲಗಳ ನಡುವಣ ಸಂತ ಮಾರ್ಟಿನ್. ಹಳೆಯ ಲಂಡನ್ ನಗರಕ್ಕೂ ವೆಸ್ಟ್‌ಮಿನ್‌ಸ್ಟರಿಗೂ ನಡುವೆ ಬಯಲೇ ಇದ್ದ ಕಾಲದ ನೆನಪು ಅದು. ಇಂದು ಹೊಲವಿಲ್ಲ, ಹೆಸರಿದೆ.

ಪ್ರವಾಸಿಗರ ದೃಷ್ಟಿಯನ್ನು ಸೆಳೆಯುವುದು ಶಿಖರವೇ ಆದರೂ ಈ ಇಗರ್ಜಿಯ ನಿಜವಾದ ಕಥೆಯಿರುವುದು ಅದರ ನೆಲದ ಅಡಿಯಲ್ಲಿ. ಜೇಮ್ಸ್ ಗಿಬ್ಸ್ ಎಂಬ ವಾಸ್ತುಶಿಲ್ಪಿ 1722ರಿಂದ 1726ರವರೆಗೆ ಇಂದಿನ ಕಟ್ಟಡವನ್ನು ನಿರ್ಮಿಸಿದಾಗ, ಅದರ ಕೆಳಗೆ ಇಟ್ಟಿಗೆಯ ಕಮಾನುಗಳ ವಿಶಾಲವಾದ ನೆಲಮಾಳಿಗೆಯೂ ಸಿದ್ಧವಾಯಿತು. ಅದು ಮೃತರಿಗಾಗಿ. ನೂರಕ್ಕೂ ಮಿಕ್ಕಿ ವರ್ಷಗಳ ಕಾಲ ಶವಪೆಟ್ಟಿಗೆಗಳು ಅಲ್ಲಿ ಒಂದರ ಮೇಲೊಂದು ಪೇರಿಕೊಂಡವು. 1859ರಲ್ಲಿ ಅವನ್ನು ತೆರವು ಮಾಡುವ ಏರ್ಪಾಡು ನಡೆದಾಗ, ಫ್ರಾಂಕ್ ಬಕ್‌ಲೆಂಡ್ ಎಂಬ ವೈದ್ಯನು ಪ್ರಸಿದ್ಧ ಶಸ್ತ್ರವೈದ್ಯ ಜಾನ್ ಹಂಟರನ ಪೆಟ್ಟಿಗೆಯನ್ನು ಅರಸುತ್ತ ಕೆಳಗಿಳಿದನು. ಆ ದುರ್ಗಂಧದ ಕತ್ತಲೆಯಲ್ಲಿ ಎರಡು ವಾರಕ್ಕೂ ಮಿಗಿಲಾಗಿ ಅವನು ಮೂರು ಸಾವಿರಕ್ಕೂ ಹೆಚ್ಚು ಪೆಟ್ಟಿಗೆಗಳ ನಡುವೆ ಹುಡುಕಬೇಕಾಯಿತು. ಕಡೆಗೆ ಹಂಟರನ ಅವಶೇಷವು ದೊರೆತು, ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಗೌರವದ ನೆಲೆಯನ್ನು ಪಡೆಯಿತು.

ಹೀಗೆ ಬರಿದಾದ ಮಾಳಿಗೆಗೆ ಮತ್ತೆ ಮನುಷ್ಯರ ಸುಳಿವು ಬಂದದ್ದು ಮೊದಲನೆಯ ಮಹಾಯುದ್ಧದ ಕಾಲದಲ್ಲಿ. 1914ರಲ್ಲಿ ಇಲ್ಲಿಗೆ ಪಾದ್ರಿಯಾಗಿ ಬಂದ ಡಿಕ್ ಶೆಪರ್ಡ್, ಫ್ರಾನ್ಸಿನ ರಣಭೂಮಿಯ ಆಸ್ಪತ್ರೆಯನ್ನು ಕಣ್ಣಾರೆ ಕಂಡು ಬಂದವರು. ಸಮೀಪದ ಚೇರಿಂಗ್ ಕ್ರಾಸ್ ನಿಲ್ದಾಣದಲ್ಲಿ ದಣಿದ ಸೈನಿಕರು ರಾತ್ರಿ ತಂಗಲು ತಾಣವಿಲ್ಲದೆ ಅಲೆಯುತ್ತಿದ್ದರು. ಶೆಪರ್ಡ್ ಇಗರ್ಜಿಯ ಬಾಗಿಲನ್ನು ಹಗಲಿರುಳೂ ತೆರೆಯಿಸಿದರು. ಮಾಳಿಗೆಯಲ್ಲಿ ಆಸರೆಯನ್ನು ಕಲ್ಪಿಸಿದರು. ಸೈನಿಕರ ಹಿಂದೆಯೇ ನಿರ್ಗತಿಕರೂ ಬಂದರು. ಎರಡನೆಯ ಮಹಾಯುದ್ಧದಲ್ಲಿ ಆಕಾಶದಿಂದ ಬಾಂಬುಗಳು ಸುರಿಯುತ್ತಿದ್ದಾಗ ಇದೇ ಕಮಾನುಗಳ ಕೆಳಗೆ ನಾಗರಿಕರು ಜೀವ ಹಿಡಿದು ಕುಳಿತರು. ಸತ್ತವರಿಗಾಗಿ ಕಟ್ಟಿದ ಸ್ಥಳ ಬದುಕಿರುವವರನ್ನು ಉಳಿಸಿತು.

1987ರಲ್ಲಿ ಮಾಳಿಗೆಯಲ್ಲಿ ಒಂದು ಉಪಾಹಾರ ಗೃಹ ಆರಂಭವಾಯಿತು. ಹಳೆಯ ಸಮಾಧಿಶಿಲೆಗಳೇ ಅದರ ನೆಲ. ಸವೆದ ಹೆಸರುಗಳ ಮೇಲೆ ಕುರ್ಚಿಯೆಳೆದುಕೊಂಡು ಜನರು ಸೂಪು ಕುಡಿಯುತ್ತಾರೆ. ಸ್ಮಶಾನದಿಂದ ಬಂದವರು ಮೀಯದೆ ಹೊಸ್ತಿಲು ದಾಟಬಾರದೆನ್ನುವ ಮನೆಗಳಲ್ಲಿ ಬೆಳೆದ ನಮ್ಮವರಿಗೆ ಈ ದೃಶ್ಯ ಮೊದಲು ಇರುಸುಮುರುಸನ್ನುಂಟುಮಾಡಿದರೆ ಆಶ್ಚರ್ಯವಿಲ್ಲ. ಆದರೆ ಆ ಊಟದ ಲಾಭ ಸೇರುವುದು ಇಗರ್ಜಿಯ ಬೊಕ್ಕಸಕ್ಕೆ ಎಂದು ತಿಳಿದ ಮೇಲೆ ಮನಸ್ಸು ಸ್ವಲ್ಪ ಸಮಾಧಾನ ಹೊಂದುತ್ತದೆ.

ಆದರೂ ಕಟ್ಟಡ ಹಳತಾಗಿತ್ತು. ನೆಲದಡಿಯ ಕೋಣೆಗಳಿಗೆ ಬೆಳಕಿಲ್ಲ, ಗಾಳಿಯಿಲ್ಲ, ಮೆಟ್ಟಿಲಿಳಿಯಲಾರದವರಿಗೆ ದಾರಿಯಿಲ್ಲ. ಎರಿಕ್ ಪ್ಯಾರಿ ಎಂಬ ವಾಸ್ತುಶಿಲ್ಪಿಯ ಯೋಜನೆಯಂತೆ, ಸುಮಾರು 3 ಕೋಟಿ 60 ಲಕ್ಷ ಪೌಂಡುಗಳ ವೆಚ್ಚದಲ್ಲಿ ಜೀರ್ಣೋದ್ಧಾರ ನಡೆದು 2008ರಲ್ಲಿ ಮುಗಿಯಿತು. ಅಗೆತದ ಕಾಲದಲ್ಲಿ, 2006ರಲ್ಲಿ, ರೋಮನರ ಕಾಲದ ಸುಣ್ಣಕಲ್ಲಿನ ಶವಪೆಟ್ಟಿಗೆಯೊಂದು ಅಸ್ಥಿಪಂಜರದೊಡನೆ ದೊರೆಯಿತು. ಗಿಬ್ಸನಿಗಿಂತ ಸಾವಿರದ ಮುನ್ನೂರು ವರ್ಷಗಳ ಹಿಂದೆಯೇ ಆ ನೆಲ ಒಬ್ಬರಿಗೆ ಕೊನೆಯ ಹಾಸಿಗೆಯಾಗಿತ್ತು!

ಇಂದು ಇಗರ್ಜಿಯ ಉತ್ತರದ ಬದಿಯಲ್ಲಿ ಗಾಜಿನ ದುಂಡನೆಯ ಮಂಟಪವೊಂದಿದೆ. ಅದರೊಳಗಿನ ಸುತ್ತು ಮೆಟ್ಟಿಲಿನಿಂದಲೋ ಲಿಫ್ಟಿನಿಂದಲೋ ಕೆಳಗಿಳಿಯಬಹುದು. ನೆಲದಲ್ಲಿ ತೆರೆದ ಬೆಳಕುಬಾವಿಯೊಂದು ಹಗಲನ್ನು ಆಳದವರೆಗೂ ಇಳಿಸುತ್ತದೆ. ಕೆಳಗೆ ಸಭಾಂಗಣವಿದೆ, ಸಂಗೀತಗಾರರ ಅಭ್ಯಾಸಕ್ಕೆ ಕೋಣೆಗಳಿವೆ, ಚೀನೀ ಸಮುದಾಯದ ಕೇಂದ್ರವಿದೆ, ಶೆಪರ್ಡರ ಹೆಸರಿನ ಪುಟ್ಟ ಪ್ರಾರ್ಥನಾಮಂದಿರವೂ ಇದೆ. ಬದಿಯ ಅಡಿಲೇಡ್ ಬೀದಿಯಲ್ಲಿ ನಿರ್ವಸಿತರಿಗೆ ನೆರವಾಗುವ ಕೇಂದ್ರವೂ ಇದೇ ಯೋಜನೆಯಲ್ಲಿ ಹೊಸರೂಪ ತಾಳಿತು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಹಳೆಯ ಕಟ್ಟಡವನ್ನು ಹಸನುಗೊಳಿಸುವುದು ಹಣವಿದ್ದರೆ ಸಾಧ್ಯ. ಆದರೆ ಗೋಡೆಗೆ ಸುಣ್ಣ ಬಿದ್ದು, ದೀಪ ಬೆಳಗಿ, ನೆಲ ಹೊಳೆಯತೊಡಗಿದ ಮೇಲೆ, ಹರಕು ಕೋಟಿನವನಿಗೆ ಅಲ್ಲಿ ಕಾಲಿಡಲು ಅಳುಕಾಗದೆ? ಅಂದವಾದ ಜಾಗಗಳಿಂದ ಬಡವರು ತಾವಾಗಿಯೇ ದೂರ ಸರಿಯುವುದನ್ನು ಎಲ್ಲ ನಗರಗಳೂ ಕಂಡಿವೆ. ಇನ್ನೊಂದೆಡೆ, ಹಣವಂತರು ಬಂದು ಉಣ್ಣದಿದ್ದರೆ, ಕಚೇರಿಗಳಿಗೆ ತಾಣ ಹಿಡಿಯದಿದ್ದರೆ, ಸೇವೆಗೆ ಸಂಪನ್ಮೂಲವೆಲ್ಲಿ? 2020ರಲ್ಲಿ ಮಹಾಮಾರಿಯಿಂದ ಉಪಾಹಾರ ಗೃಹವೂ ಕಛೇರಿಗಳೂ ನಿಂತಾಗ ಇಗರ್ಜಿಯ ವರಮಾನ ಕುಸಿಯಿತು. ಅನೇಕ ನೌಕರರು ಕೆಲಸ ಕಳೆದುಕೊಂಡರು. ವ್ಯಾಪಾರವೂ ದಾನವೂ ಒಂದೇ ಛಾವಣಿಯಡಿ ಬಾಳುವುದು ಎಷ್ಟು ಕಷ್ಟವೆಂಬುದನ್ನು ಆ ವರ್ಷ ತೋರಿಸಿಕೊಟ್ಟಿತು.

ಆ ಕಷ್ಟಕ್ಕೆ ಉತ್ತರ ಸಂತನ ಕಥೆಯಲ್ಲಿಯೇ ಇರಬಹುದು. ನಾಲ್ಕನೆಯ ಶತಮಾನದ ಮಾರ್ಟಿನ್ ರೋಮನ್ ಸೇನೆಯಲ್ಲಿದ್ದವನು. ಚಳಿಗಾಲದ ಒಂದು ದಿನ ಆಮಿಯೆಂ ಪಟ್ಟಣದ ಬಾಗಿಲಲ್ಲಿ ಬರಿಮೈಯ ಭಿಕ್ಷುಕನನ್ನು ಕಂಡು, ತನ್ನ ಮೇಲುಹೊದಿಕೆಯನ್ನು ಕತ್ತಿಯಿಂದ ಸೀಳಿ ಅರ್ಧವನ್ನು ಕೊಟ್ಟನಂತೆ. ಪೂರ್ತಿಯನ್ನಲ್ಲ; ಅರ್ಧವನ್ನು. ಉಳಿದರ್ಧ ಅವನನ್ನೂ ಚಳಿಯಿಂದ ಕಾಯಬೇಕಾಗಿತ್ತಷ್ಟೆ. ಈ ಮಾಳಿಗೆಯೂ ಹಾಗೆಯೇ: ಒಂದರ್ಧ ಗಳಿಸುತ್ತದೆ, ಇನ್ನೊಂದರ್ಧ ಹಂಚುತ್ತದೆ.

ಹಂಚುವ ಅರ್ಧ ಮರೆತುಹೋಗದಿರಲೆಂಬಂತೆ, ಪ್ರತಿವರ್ಷ ನವೆಂಬರಿನಲ್ಲಿ ಮೇಲಣ ಮಂದಿರದಲ್ಲಿ ಒಂದು ಸ್ಮರಣಸಭೆ ಸೇರುತ್ತದೆ. ಲಂಡನ್ನಿನಲ್ಲಿ ಮನೆಯಿಲ್ಲದೆ ಬಾಳಿ ಆ ವರ್ಷ ತೀರಿಕೊಂಡವರ ಹೆಸರುಗಳನ್ನು ಅಲ್ಲಿ ಒಂದೊಂದಾಗಿ ಗಟ್ಟಿಯಾಗಿ ಓದುತ್ತಾರೆ. ಬದುಕಿದ್ದಾಗ ಯಾರೂ ಕರೆಯದೆ ಹೋದ ಹೆಸರುಗಳು ಅವುಗಳಲ್ಲಿ ಎಷ್ಟಿರುತ್ತವೆಯೋ! ಕೆಳಗೆ ಮಾಳಿಗೆಯಲ್ಲಿ, ಕಲ್ಲಿನಲ್ಲಿ ಕೊರೆಸಿಕೊಂಡವರ ಹೆಸರುಗಳು ನಡೆದಾಡುವವರ ಪಾದಗಳಡಿ ಸವೆಯುತ್ತಿವೆ. ಮೇಲೆ, ಕಲ್ಲೂ ಇಲ್ಲದವರ ಹೆಸರುಗಳು ಒಮ್ಮೆಯಾದರೂ ಮನುಷ್ಯರ ಬಾಯಲ್ಲಿ ಬಂದು ಕಿವಿಗೆ ಬೀಳುತ್ತವೆ.